ಗುಹಾಸುರನ ಪಾಲಿಸಿ

ಬೆಣ್ಣೆ ದೋಸೆ ತಿಂದ ಕೈಯಲ್ಲಿ ಸ್ಟೀರಿಂಗ್ ಹಿಡಿಯಬಾರದು ಅಂತ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬರೆದಿದ್ದರೆ ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಒಂದು ಕಾರೂ ಅಲ್ಲಾಡುತ್ತಿರಲಿಲ್ಲ. ಅವತ್ತು ನಾನು ತಿಂದದ್ದು ಎರಡೇ ಎರಡು. ‘ಎರಡೂವರೆ’ ಅಂತ ನಮ್ಮ ಮನೆಯವರು ತಿದ್ದುತ್ತಾರೆ. ತಮ್ಮ ತಟ್ಟೆಯಲ್ಲಿ ಉಳಿದ ಅರ್ಧವನ್ನು ನನ್ನ ಖಾತೆಗೆ ಬರೆಯುವುದು ಯಾವ ನ್ಯಾಯವೋ! ಇರಲಿ, ಆ ಕೇಸು ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಹರಿಹರದಲ್ಲಿ ನಮ್ಮ ಷಡ್ಡಕರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹದಿನಾಲ್ಕು ಕಿಲೋಮೀಟರು, ಏನು ಮಹಾ ಅಂತ ಹೈವೇ ಬಿಟ್ಟು ಹಳೇ ಪಿ.ಬಿ. ರಸ್ತೆ ಹಿಡಿದೆ. ದೊಡ್ಡಬಾತಿ ದಾಟುತ್ತಿದ್ದ ಹಾಗೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹಾಸಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ಇರುವುದೇ ಕಾಳು ಒಣಗಿಸಲಿಕ್ಕೆ, ಮಿಕ್ಕ ಜಾಗದಲ್ಲಿ ವಾಹನ ಓಡಾಡಬಹುದು ಅಷ್ಟೆ. ಆ ಮಿಕ್ಕ ಜಾಗದಲ್ಲಿ ಒಂದು ಎಮ್ಮೆ ನಿಂತಿತ್ತು. ಹಾರ್ನ್ ಹೊಡೆದೆ. ಅದು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ತಾಲ್ಲೂಕು ಆಫೀಸಿನಲ್ಲಿ ಊಟದ ಹೊತ್ತಿಗೆ ಹೋದವರಿಗೆ ಮಾತ್ರ ಗೊತ್ತಾಗುತ್ತದೆ. ಎಡಕ್ಕೆ ಎಳೆದೆ. ಚಕ್ರದ ಕೆಳಗೆ ಮೆಕ್ಕೆಜೋಳ ಗೋಲಿಯಂತೆ ಉರುಳಿತು. ಕಾರು ಬೀಗರ ಮುಂದೆ ಬಗ್ಗುವ ಹಾಗೆ ಮೆಲ್ಲಗೆ ಓರೆಯಾಗಿ ಹೋಗಿ ಕಿಲೋಮೀಟರ್ ಕಲ್ಲಿಗೆ ಹಣೆ ಹಚ್ಚಿತು.

ಎಮ್ಮೆಗೆ ಏನೂ ಆಗಲಿಲ್ಲ. ಕಲ್ಲಿಗೂ ಏನೂ ಆಗಲಿಲ್ಲ. ನನ್ನ ಕಾರಿನ ಬಂಪರ್ ಮಾತ್ರ ಎಡಗಡೆ ಹಲ್ಲು ಉದುರಿಸಿಕೊಂಡು ನಕ್ಕಿತು.

ಕಾಳಿನ ಯಜಮಾನ ಓಡಿ ಬಂದ. ಪೆಟ್ಟಾಯ್ತಾ ಅಂತ ಕೇಳುತ್ತಾನೆ ಅಂದುಕೊಂಡೆ. “ಏನ್ರೀ ಯಜಮಾನ್ರೆ, ಕಾಳೆಲ್ಲ ಚೆಲ್ಲಾಡಿಬಿಟ್ರಲ್ರೀ!” ಅಂದ. ನಮ್ಮ ಮನೆಯವರು ಇನ್ನೂರು ರೂಪಾಯಿ ಕೊಟ್ಟು ಸಮಾಧಾನ ಮಾಡಿದರು. ಅವನೇ ನನ್ನ ಜೀವನದ ಮೊದಲ ‘ಥರ್ಡ್ ಪಾರ್ಟಿ’ ಅಂತ ಆಗ ನನಗೆ ಗೊತ್ತಿರಲಿಲ್ಲ.

ಷಡ್ಡಕರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಿಸಿದವರು. 1941ರಲ್ಲಿ ಹರಿಹರಕ್ಕೆ ಬಂದ ಆ ಕಾರ್ಖಾನೆಯ ಬಾಗಿಲು ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ಆದರೆ ಇವರ ಕಣ್ಣಿನೊಳಗಿನ ವರ್ನಿಯರ್ ಇನ್ನೂ ಮುಚ್ಚಿಲ್ಲ. ಕೈಯಲ್ಲಿ ಸಕ್ಕರೆ ತಟ್ಟೆ ಹಿಡಿದೇ ಬಗ್ಗಿ, ಮಡ್‌ಗಾರ್ಡಿನ ತಗ್ಗನ್ನು ಬೆರಳಿನಿಂದ ಸವರಿ, “ಹನ್ನೆರಡು ಮಿಲಿಮೀಟರ್ ಒಳಗ್ ಹೋಗೇತಿ” ಅಂತ ತೀರ್ಪು ಕೊಟ್ಟರು. “ಯಾಕ್ ಮುಖ ಸಣ್ಣದ್ ಮಾಡ್ತೀರಿ? ಫುಲ್ ಇನ್ಶೂರೆನ್ಸ್ ಐತಲ್ಲ! ಒಂದ್ ಪೈಸೆ ಬಿಚ್ಚಂಗಿಲ್ಲ.”

ಈ ‘ಫುಲ್ ಇನ್ಶೂರೆನ್ಸ್’ ಎಂಬ ಮಾತನ್ನು ಯಾರು ಮೊದಲು ಆಡಿದರೋ, ಅವರು ಹೋಟೆಲಿನ ‘ಫುಲ್ ಮೀಲ್ಸ್’ ತಿಂದವರೇ ಇರಬೇಕು. ಪಲ್ಯ ಎರಡನೇ ಸಲ ಕೇಳಿದಾಗ ತಾನೇ ಫುಲ್ ಎಷ್ಟು ಅಂತ ತಿಳಿಯುವುದು.

ತೊಟ್ಟಿಲು ಕಟ್ಟಿದ ಮನೆಯಲ್ಲಿ ಇನ್ಶೂರೆನ್ಸ್ ಏಜೆಂಟ್ ಇರದಿದ್ದರೆ ಶಾಸ್ತ್ರ ಮುಗಿಯುವುದಿಲ್ಲ. ಅವರೂ ಬಂದಿದ್ದರು. ಮಗುವಿನ ಜೀವಕ್ಕೂ ಅವರೇ, ಅಜ್ಜನ ಆಸ್ಪತ್ರೆಗೂ ಅವರೇ, ನನ್ನ ಕಾರಿಗೂ ಅವರೇ. ಮಂಡಕ್ಕಿ ಮಿರ್ಚಿ ಮುಗಿಸಿ, ಕೈ ತೊಳೆದು, ನನ್ನ ಕಾರಿನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟರು. “ಸಾರ್, ಹರಿಹರೇಶ್ವರನ ಗುಡಿಗೆ ಹೋಗೀರಲ್ಲ?”

ಹೋಗದೆ ಏನು? 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ನಿಂತ ಮೂರ್ತಿ, ಬಲಗಡೆ ಹರ, ಎಡಗಡೆ ಹರಿ.

“ನಿಮ್ ಪಾಲಿಸೀನೂ ಅಷ್ಟೇ ಸಾರ್. ಒಂದೇ ಕಲ್ಲು, ಎರಡು ದೇವ್ರು. ಬಲಗಡೆ ಹರ, ಲಯಕರ್ತ. ನಿಮ್ ಕಾರು ಹಾಳಾದ್ರೆ ನೋಡ್ಕಳದು. ಅದಕ್ಕೆ ಓನ್ ಡ್ಯಾಮೇಜ್ ಅಂತಾರೆ. ಎಡಗಡೆ ಹರಿ. ನಿಮ್ ಕಾರಿಂದ ಲೋಕಕ್ಕೆ ಏನಾದ್ರೂ ಆದ್ರೆ ಲೋಕಾನ ಕಾಯೋದು. ಅದು ಥರ್ಡ್ ಪಾರ್ಟಿ. ಸರ್ಕಾರ ಕಡ್ಡಾಯ ಮಾಡಿರೋದು ಹರೀನ ಮಾತ್ರ. ಹರ ನಿಮ್ ಖುಷಿ.”

ಇಷ್ಟು ಚೆನ್ನಾಗಿ ಕಂಪನಿಯ ಪುಸ್ತಕದಲ್ಲೂ ಹೇಳಿರಲಿಲ್ಲ. ಅದರಲ್ಲಿ ಹೇಳಿರುವುದನ್ನು ಓದಲು ಬೇಕಾದ ಭೂತಗನ್ನಡಿಗೆ ವಿಮೆ ಇಲ್ಲ ಅನ್ನುವುದು ಬೇರೆ ಮಾತು. ಒಟ್ಟು ಪಾರ್ಟಿ ಮೂರು. ಕಾರಿನ ಯಜಮಾನ ನಾನು ಮೊದಲನೆಯವನು. ಕಂಪನಿ ಎರಡನೆಯದು. ರಸ್ತೆಯಲ್ಲಿ ತನ್ನ ಪಾಡಿಗೆ ತಾನಿದ್ದು ನನ್ನ ಕಾರಿಗೆ ಸಿಕ್ಕಿಬಿದ್ದ ಪುಣ್ಯಾತ್ಮ ಮೂರನೆಯವನು. ಆ ಮೆಕ್ಕೆಜೋಳದವನ ಕಾಳು ಇನ್ನೂರರ ಬದಲು ಎರಡು ಲಕ್ಷದ್ದಾಗಿದ್ದರೂ ಹರಿ ನೋಡಿಕೊಳ್ಳುತ್ತಿದ್ದ. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ಏಳೂವರೆ ಲಕ್ಷದವರೆಗೆ ಮಿತಿ ಇದೆ. ಆದರೆ ಕಾಳನ್ನು ಸರ್ಕಾರಿ ಡಾಂಬರಿನ ಮೇಲೆ ಯಾಕೆ ಹಾಸಿದ್ದೆ ಅಂತ ನ್ಯಾಯಾಧೀಶರು ಅವನನ್ನೂ ಒಂದು ಮಾತು ಕೇಳುತ್ತಿದ್ದರು. ಎಮ್ಮೆ ಯಾವ ಪಾರ್ಟಿ ಅನ್ನುವುದು ಮಾತ್ರ ಇತ್ಯರ್ಥವಾಗಲಿಲ್ಲ. ಪಕ್ಷೇತರ ಅಂತ ಷಡ್ಡಕರ ಅಭಿಪ್ರಾಯ.

ಹರಿಯನ್ನು ಕಡ್ಡಾಯ ಮಾಡಿದ್ದು ನಿನ್ನೆ ಮೊನ್ನೆಯ ಮಾತಲ್ಲ. ಬ್ರಿಟಿಷರ 1939ರ ಕಾಯ್ದೆಯಲ್ಲೇ ಇತ್ತು. ಮಹಾಯುದ್ಧ ಮುಗಿದ ಮೇಲೆ 1946ರ ಜುಲೈ 1ರಿಂದ ಜಾರಿಗೆ ಬಂತು. ಈಗಿನ 1988ರ ಕಾಯ್ದೆಯಲ್ಲಿ ಅದು 146ನೇ ಕಲಮು. ಆದರೂ ಜನ ಹೊಸ ಕಾರಿಗೆ ಒಂದು ವರ್ಷ ಕಟ್ಟಿ, ಆಮೇಲೆ ಟ್ರಾಫಿಕ್ ಪೊಲೀಸರನ್ನು ಕಂಡು ಅಡ್ಡರಸ್ತೆ ಹಿಡಿಯುತ್ತಿದ್ದರು. ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಂದು ಮಾತು ಹೇಳಿತು: ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ, ಹೊಸ ಬೈಕಿಗೆ ಐದು ವರ್ಷದ್ದು. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ ಎರಡು ಸಾವಿರ ದಂಡ, ಮತ್ತೆ ಸಿಕ್ಕರೆ ನಾಲ್ಕು ಸಾವಿರ, ಜೊತೆಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು.

ನನಗೆ ಅಂದು ಬೇಕಾಗಿದ್ದದ್ದು ಹರಿಯಲ್ಲ, ಹರ. ಬಂಪರ್ ಮುರಿದವನಿಗೆ ಲೋಕಕಲ್ಯಾಣದ ಪಾಠ ಹೇಳಿದರೆ ತಲೆಗೆ ಹೋಗುತ್ತದೆಯೇ?

ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ಆಯಿತು. ಸರ್ವೇಯರ್ ಬಂದರು. ಹೆಣ್ಣು ನೋಡಲು ಬಂದವರ ಹಾಗೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಯಾವುದೂ ಇಷ್ಟವಾಗದವರ ಹಾಗೆ ಫೋಟೋ ಹೊಡೆದುಕೊಂಡರು. “ಈ ಗೀರು ಹಳೇದು” ಅಂದರು. ಅದು ಹೋದ ವರ್ಷ ಮಂಡಿಪೇಟೆಯಲ್ಲಿ ತಳ್ಳುಗಾಡಿ ಸವರಿದ್ದು. ನಾನು ಎರಡನ್ನೂ ಒಂದೇ ಕ್ಲೇಮಿನ ಹೊಟ್ಟೆಗೆ ಹಾಕುವ ಆಸೆಯಲ್ಲಿದ್ದೆ. ಅವರಿಗೆ ತುಕ್ಕಿನ ಜಾತಕ ಓದಲು ಬರುತ್ತದೆ ಅಂತ ಅವತ್ತು ಗೊತ್ತಾಯಿತು.

ಬಿಲ್ಲು ಇಪ್ಪತ್ತೊಂದೂವರೆ ಸಾವಿರ. ಈಗ ನೋಡಿ, ಹರನ ಲೀಲೆ. ಬಂಪರಿಗೆ ಆರು ಸಾವಿರ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಇವಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ. ನಿನ್ನೆ ಶೋರೂಮಿನಿಂದ ಬಂದಿದ್ದರೂ ಅರ್ಧ ಸವಕಳಿ. ಮೂರು ಸಾವಿರ ಹೋಯಿತು. ಮಡ್‌ಗಾರ್ಡ್ ನಾಲ್ಕು ಸಾವಿರ, ಅದು ಲೋಹ. ಲೋಹಕ್ಕೆ ಮಾತ್ರ ಜಾತಕ ನೋಡುತ್ತಾರೆ. ಆರು ತಿಂಗಳು ತುಂಬುವವರೆಗೆ ಏನೂ ಕಡಿತವಿಲ್ಲ. ನಾಲ್ಕನೇ ವರ್ಷದಲ್ಲಿರುವ ನನ್ನ ಕಾರಿಗೆ ಶೇ. 25. ಒಂದು ಸಾವಿರ ಹೋಯಿತು. ಬಣ್ಣಕ್ಕೆ ಎಂಟು ಸಾವಿರ. ಅದರಲ್ಲಿ ಕಾಲು ಭಾಗ ಬಣ್ಣದ ಸಾಮಾನಿನದು ಅಂತ ಹಿಡಿದು, ಅದರ ಅರ್ಧ ಕಡಿತ. ಇನ್ನೊಂದು ಸಾವಿರ. ಟಿಂಕರಿಂಗ್ ಕೂಲಿ ಮೂರು ಸಾವಿರಕ್ಕೆ ಕೈ ಹಚ್ಚಲಿಲ್ಲ. ಮನುಷ್ಯನ ದುಡಿಮೆಗೆ ಸವಕಳಿ ಇಲ್ಲ ಅಂತ ಒಪ್ಪಿಕೊಂಡ ಒಂದೇ ಜಾಗ ಇದು. ಐನೂರರ ನಟ್ಟು, ಕ್ಲಿಪ್ಪು, ಅಂಟು ಎಲ್ಲ ಕನ್ಸ್ಯೂಮಬಲ್ ಅಂತೆ, ನಮ್ಮದೇ ಜೇಬು. ಕೊನೆಗೆ ಇಂಜಿನ್ ಹದಿನೈದು ನೂರು ಸಿಸಿಯೊಳಗಿನ ಎಲ್ಲರೂ ಪ್ರತಿ ಕ್ಲೇಮಿಗೂ ಸಲ್ಲಿಸಬೇಕಾದ ಒಂದು ಸಾವಿರದ ಕಾಣಿಕೆ. ಗುಡಿಗೆ ಬಂದವರು ಹುಂಡಿಗೆ ಹಾಕದೆ ಹೋಗುವುದುಂಟೇ?

ಕಂಪನಿ ಕೊಟ್ಟದ್ದು ಹದಿನೈದು ಸಾವಿರ. ನಾನು ಕೊಟ್ಟದ್ದು ಆರೂವರೆ.

“ಬಂಪರ್ ಟು ಬಂಪರ್ ಹಾಕ್ಸ್ರಿ ಅಂತ ಆವತ್ತೇ ಹೇಳಿದ್ದೆ” ಅಂದರು ಏಜೆಂಟರು. ಅದು ಜೀರೋ ಡೆಪ್ ಎಂಬ ಹೆಚ್ಚುವರಿ ಪದರ. ಇನ್ನೊಂದಿಷ್ಟು ಪ್ರೀಮಿಯಂ ಕಟ್ಟಿದರೆ ಈ ಸವಕಳಿಯ ಕತ್ತರಿ ಆಡುವುದಿಲ್ಲ. ಆವತ್ತು ಅವರು ಹೇಳಿದ್ದು ನಿಜ. “ನಾನೇನು ಬಂಪರಿಗೆ ಬಂಪರ್ ಹಚ್ಚಿ ಓಡಿಸ್ತೀನೇನ್ರಿ?” ಅಂತ ಜಾಣತನ ತೋರಿಸಿದವನೂ ನಾನೇ.

ಇಷ್ಟಾದರೂ ಹದಿನೈದು ಸಾವಿರ ಬಂತಲ್ಲ ಅಂತ ಮೀಸೆ ತಿರುವುತ್ತಿದ್ದೆ. ನಮ್ಮ ಮನೆಯವರು ಹಾಲಿನ ಲೆಕ್ಕದ ಪುಸ್ತಕ ತಂದು ಮುಂದೆ ಕೂತರು. “ನೋ ಕ್ಲೇಮ್ ಬೋನಸ್ ಅಂತಾರಲ್ಲ, ಅದು ಏನಾತು?”

ಒಂದು ವರ್ಷ ಕಂಪನಿಯ ಬಾಗಿಲು ಬಡಿಯದೆ ಸುಮ್ಮನಿದ್ದರೆ ಮುಂದಿನ ವರ್ಷ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇ. 20 ಬಿಡುತ್ತಾರೆ. ಎರಡನೇ ವರ್ಷಕ್ಕೆ 25, ಆಮೇಲೆ 35, 45, ಕೊನೆಗೆ 50. ಹಾವು ಏಣಿ ಆಟದ ಏಣಿ ಇದು. ಒಂದು ಕ್ಲೇಮ್ ಮಾಡಿದಿರೋ, ಸೀದಾ ಸೊನ್ನೆಯ ಮನೆಗೆ. ನನಗೆ 35 ಇತ್ತು. ಎಮ್ಮೆ ಅಡ್ಡ ಬರದಿದ್ದರೆ ಮುಂದಿನ ಸಲ 45 ಆಗುತ್ತಿತ್ತು. ಬೋನಸ್ ಕಳೆಯುವ ಮುಂಚಿನ ಪ್ರೀಮಿಯಂ ಹತ್ತು ಸಾವಿರ ಅಂತ ಹಿಡಿದು, ಅದು ಹೆಚ್ಚುಕಡಿಮೆ ಆಗುವುದಿಲ್ಲ ಅಂತಲೂ ಹಿಡಿದು ನಮ್ಮ ಮನೆಯವರು ಬರೆದರು. ಮುಂದಿನ ವರ್ಷ ಐದೂವರೆ ಸಾವಿರದ ಬದಲು ಪೂರ್ತಿ ಹತ್ತು, ಲುಕ್ಸಾನು ನಾಲ್ಕೂವರೆ. ಅದರಾಚೆ ವರ್ಷ ಐದರ ಬದಲು ಎಂಟು, ಲುಕ್ಸಾನು ಮೂರು. ಆಮೇಲೆ ಎರಡೂವರೆ, ಒಂದೂವರೆ, ಅರ್ಧ. ಐದು ವರ್ಷಕ್ಕೆ ಕೂಡಿಸಿದರೆ ಹನ್ನೆರಡು ಸಾವಿರ. ಹದಿನೈದು ಪಡೆಯಲಿಕ್ಕೆ ಹನ್ನೆರಡು ತೆತ್ತ ಹಾಗಾಯಿತು. ಉಳಿದದ್ದು ಮೂರು ಸಾವಿರ, ಅದೂ ವರ್ಕ್‌ಶಾಪಿಗೆ ನಾಲ್ಕು ಸಲ ಅಲೆದ ಪೆಟ್ರೋಲು, ಅಲೆದಾಗೆಲ್ಲ ತಿಂದ ದೋಸೆ ಬಿಟ್ಟು.

“ಆರೂವರೆ ಕೊಟ್ಟಿದ್ದು ಬೇರೆ” ಅಂತ ಕೊನೆಗೆ ಒಂದು ಗೆರೆ ಎಳೆದರು. ಪುಸ್ತಕದ ಮುಂದಿನ ಪುಟದಲ್ಲಿ ಹಾಲಿನ ಲೆಕ್ಕ ಎಂದಿನಂತೆ ಮುಂದುವರಿದಿದೆ.

ಇದೇ ಬೋನಸ್ಸಿನ ವಿಷಯದಲ್ಲಿ ಷಡ್ಡಕರು ಇನ್ನೂ ದೊಡ್ಡ ಪಂಡಿತರು. ಅವರದು ಸೆಕೆಂಡ್ ಹ್ಯಾಂಡ್ ಕಾರು. ಕೊಡುವವರು “ಶೇ. 50 ಬೋನಸ್ ಇರೋ ಗಾಡಿ” ಅಂದದ್ದಕ್ಕೆ ಇವರು ಹತ್ತು ಸಾವಿರ ಹೆಚ್ಚಿಗೆ ಕೊಟ್ಟು ತಂದರು. ಬೋನಸ್ ಇರುವುದು ಗಾಡಿಗಲ್ಲ, ಓಡಿಸಿದ ಯಜಮಾನನಿಗೆ. ಅವನು ಅದನ್ನು ಎತ್ತಿಕೊಂಡು ತನ್ನ ಹೊಸ ಕಾರಿಗೆ ಹೋದ. ಸೊಸೆ ಮನೆ ತುಂಬಿದಳು, ಒಡವೆ ತವರಲ್ಲೇ ಉಳಿಯಿತು. ಅದರ ಮೇಲೆ, ಕೊಂಡ ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕಾರಿನ ಜೊತೆ ಹರಿ ತಾನಾಗಿಯೇ ಬರುತ್ತಾನೆ, ಕಾಯ್ದೆ ಹಾಗೆ ಹೇಳುತ್ತದೆ. ಹರ ಬರುವುದಿಲ್ಲ, ಅರ್ಜಿ ಹಾಕಿ ಕರೆಯಬೇಕು. ಇವರು ನಾಲ್ಕು ತಿಂಗಳು ಹಳೇ ಯಜಮಾನನ ಹೆಸರಿನ ಪಾಲಿಸಿಯನ್ನೇ ಡ್ಯಾಶ್‌ಬೋರ್ಡಿನಲ್ಲಿಟ್ಟು ಹೂ ಏರಿಸುತ್ತಿದ್ದರು.

ಗುಹಾಸುರನ ಕಥೆ ಹರಿಹರದವರಿಗೆ ಹೇಳಬೇಕಾಗಿಲ್ಲ. ಈ ನೆಲ ಆಗ ಗುಹಾರಣ್ಯ. ಬ್ರಹ್ಮನನ್ನು ಒಲಿಸಿಕೊಂಡು ಅಸುರ ವರ ಪಡೆದ, ಹರಿಯಿಂದಲೂ ಸಾವಿರಬಾರದು, ಹರನಿಂದಲೂ ಸಾವಿರಬಾರದು ಅಂತ. ವರ ಕೈಗೆ ಬಂದದ್ದೇ ಲೋಕವೆಲ್ಲ ತುಳಿದ. ಇಬ್ಬರೂ ಒಂದಾಗಿ ಬಂದರೆ ಏನು ಗತಿ ಅಂತ ಯೋಚಿಸಲಿಲ್ಲ. ನನ್ನ ಪ್ರಕಾರ ನಮ್ಮ ಪುರಾಣಗಳಲ್ಲಿ ಪಾಲಿಸಿಯ ಷರತ್ತು ಓದದೆ ಸತ್ತವರ ಪಟ್ಟಿ ದೊಡ್ಡದಿದೆ, ಅದರಲ್ಲಿ ಈತ ನಮ್ಮೂರಿನವನು. ಕಾರು ಕೊಂಡ ಮೇಲೆ ನಾವೆಲ್ಲ ಅವನ ವಂಶದವರೇ.

ನೋಡಿ, ಜೋರು ಮಳೆ ಬಂದು ಅಂಡರ್‌ಪಾಸ್ ಕೆರೆಯಾಗುತ್ತದೆ. ಕಾರು ನಡುನೀರಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಸುಮ್ಮನೆ ಇಳಿದು ಪಂಚೆ ಎತ್ತಿಕೊಂಡು ನಡೆದರೆ ವರ ಇನ್ನೂ ಕೈಯಲ್ಲಿದೆ. ಆದರೆ ನಾವು ಚಾವಿ ತಿರುಗಿಸುತ್ತೇವೆ. ಒಂದು ಸಲ. ಇನ್ನೊಂದು ಸಲ. ಹಿಂದಿನ ಬೈಕಿನವನು “ಇನ್ನೊಂದ್ ಸಲ ನೋಡ್ರಿ ಅಣ್ಣಾರೆ” ಅಂತ ಹುರಿದುಂಬಿಸುತ್ತಾನೆ. ಇಂಜಿನ್ ನೀರು ಕುಡಿದು ಒಳಗಿನ ರಾಡು ಬಾಗುತ್ತದೆ. ನೀರಿನಿಂದ ಆದ ನಷ್ಟ ಬೇರೆ, ನೀನು ಸ್ಟಾರ್ಟ್ ಮಾಡಿದ್ದರಿಂದ ಆದ ನಷ್ಟ ಬೇರೆ ಅನ್ನುತ್ತಾರೆ ಕಂಪನಿಯವರು. ಇಂಜಿನ್ ರಕ್ಷಣೆ ಅಂತ ಇನ್ನೊಂದು ಪದರ ಮೊದಲೇ ಕೊಂಡಿರದಿದ್ದರೆ ಆ ಬಿಲ್ಲು ನಮ್ಮ ಹಣೆಗೆ.

ಮತ್ತೆ ಉಕ್ಕಡಗಾತ್ರಿಯ ಅಮಾವಾಸ್ಯೆ. “ನಿಮ್ ಕಾರ್ ಕೊಡ್ರಿ ಮಾವಾರೆ, ನಾಲ್ಕ್ ಜನ ಅಜ್ಜಯ್ಯನ ದರ್ಶನ ಮಾಡ್ಕಂಡ್ ಬರ್ತೀವಿ” ಅಂತ ಅಳಿಯ ಬರುತ್ತಾನೆ. ಕೊಡಿ, ತಪ್ಪಿಲ್ಲ. ಪಾಲಿಸಿ ಕಾರಿನದು. ಲೈಸೆನ್ಸ್ ಇದ್ದವನು ಯಾರು ಓಡಿಸಿದರೂ ನಡೆಯುತ್ತದೆ. ಕುಡಿದು ಓಡಿಸಿದರೆ ಮಾತ್ರ ಹರ ಕಣ್ಣು ಮುಚ್ಚಿಕೊಳ್ಳುತ್ತಾನೆ, ಮೂರೂ. ಆದರೆ ಅಳಿಯ ಆ ನಾಲ್ಕು ಜನರಿಂದ ತಲೆಗೆ ಐನೂರರಂತೆ ಬಾಡಿಗೆ ಎತ್ತಿದ್ದಾನೆ ಅಂತ ತಿಳಿದರೆ ಮುಗಿಯಿತು. ಬಿಳಿ ಬೋರ್ಡಿನ ಕಾರು ಬಾಡಿಗೆ ಹೊಡೆಯುವಂತಿಲ್ಲ. ಇದು ಗೊತ್ತಾಗುವುದು ಯಾವಾಗ? ಅಪಘಾತವಾದ ಮೇಲೆ, ಹಿಂದಿನ ಸೀಟಿನವರು ಪೊಲೀಸರ ಮುಂದೆ ಬಲು ಪ್ರಾಮಾಣಿಕರಾದಾಗ.

ಕಾರು ಪೂರ್ತಿ ನಜ್ಜುಗುಜ್ಜಾದರೆ ಕೊಂಡ ಬೆಲೆ ಬರುತ್ತದೆ ಅಂತ ನಂಬಿದವರೂ ಇದ್ದಾರೆ. ಬರುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಬೆಲೆ. ಅದು ಮೂರು ವರ್ಷ ದಾಟಿದ ಕಾರಿಗೆ ಶೇ. 40, ನಾಲ್ಕು ದಾಟಿದರೆ ಶೇ. 50 ಕಡಿಮೆಯಾಗಿರುತ್ತದೆ. ಪ್ರೀಮಿಯಂ ಐನೂರು ಉಳಿಸಲು “ಇನ್ನೂ ಸ್ವಲ್ಪ ಕಮ್ಮಿ ಬರೀರಿ” ಅನ್ನುವವರೇ ಆಮೇಲೆ “ಇಷ್ಟೇನಾ?” ಅಂತ ಎದೆ ಬಡಿದುಕೊಳ್ಳುವುದು.

ಈ ಕಿರಿಕಿರಿ ಯಾವುದೂ ಇಲ್ಲದವರೆಂದರೆ ಸರ್ಕಾರದವರು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ತೆರೆದ ವಿಮಾ ಇಲಾಖೆ ಇವತ್ತಿಗೂ ಕೆಜಿಐಡಿ ಅಂತ ಇದೆ. ಸರ್ಕಾರಿ ಜೀಪು, ಕಾರುಗಳ ವಿಮೆ ಅಲ್ಲೇ. ಕಾರೂ ಅವರದೇ, ಪಾಲಿಸಿಯೂ ಅವರದೇ. ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ ಒಂದೇ ಮನೆಯ ಅಣ್ಣತಮ್ಮಂದಿರು.

ನಾನು ಹೀಗೆ ಬಂಪರಿನ ಪುರಾಣ ಊದುತ್ತಿದ್ದಾಗ ಏಜೆಂಟರು ಒಂದು ದಿನ ತಡೆದರು. “ಸಾರ್, ನೀವು ಬಲಗಡೆ ದೇವ್ರಿಗೆ ಮಾತ್ರ ಮಂಗಳಾರತಿ ಮಾಡ್ತೀರಿ. ಎಡಗಡೇದು ನೋಡ್ರಿ.” ಅವರೇ ಲೆಕ್ಕ ಹಾಕಿದರು. ತಿಂಗಳಿಗೆ ಇಪ್ಪತ್ತು ಸಾವಿರ ದುಡಿಯುವ ಮೂವತ್ತು ವರ್ಷದ ಒಬ್ಬ ಟಿಂಕರ್, ಹೆಂಡತಿ, ಎರಡು ಮಕ್ಕಳು. ನಿಮ್ಮ ಕಾರಿನಿಂದ ಅವನ ಜೀವ ಹೋಯಿತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಮೊದಲು ವರ್ಷದ ದುಡಿಮೆ 2,40,000 ಹಿಡಿಯುತ್ತದೆ. ಮುಂದೆ ಅವನು ಹೆಚ್ಚು ದುಡಿಯುತ್ತಿದ್ದ ಅಂತ ಶೇ. 40 ಸೇರಿಸುತ್ತದೆ, 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ. ಅವನ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯುತ್ತದೆ. ಉಳಿದ 2,24,000ವನ್ನು ಅವನ ವಯಸ್ಸಿಗೆ ಗೊತ್ತಾದ 17ರಿಂದ ಗುಣಿಸುತ್ತದೆ. 38,08,000 ರೂಪಾಯಿ. ಜೊತೆಗೆ ಅಂತ್ಯಸಂಸ್ಕಾರದ್ದು, ಬಡ್ಡಿ ಬೇರೆ. ಪ್ರಾಣಹಾನಿಗೆ ಏಳೂವರೆ ಲಕ್ಷದಂಥ ಯಾವ ಗಡಿಯೂ ಇಲ್ಲ, ಮಂಡಳಿ ಎಷ್ಟು ಹೇಳಿದರೆ ಅಷ್ಟೂ ಕಂಪನಿಯೇ ಕೊಡಬೇಕು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ ಅಂತಾದರೂ ಆ ಹೆಂಡತಿ ಮಕ್ಕಳಿಗೆ ಮೊದಲು ಕೊಟ್ಟು, ಆಮೇಲೆ ಕಾರಿನ ಯಜಮಾನನಿಂದ ವಸೂಲಿ ಮಾಡು ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ.

ಇದಕ್ಕೆಲ್ಲ ನಾನು ಕಟ್ಟುವುದು? ಸಾವಿರದಿಂದ ಹದಿನೈದು ನೂರು ಸಿಸಿವರೆಗಿನ ಕಾರಿಗೆ 2022ರ ಜೂನ್‌ನಲ್ಲಿ ಸರ್ಕಾರ ಗೊತ್ತು ಮಾಡಿದ ದರ ವರ್ಷಕ್ಕೆ 3,416 ರೂಪಾಯಿ, ಮೇಲೆ ತೆರಿಗೆ. ಯಾವ ಕಂಪನಿಗೆ ಹೋದರೂ ಅಷ್ಟೇ, ಚೌಕಾಸಿ ಇಲ್ಲ. ಆ ಲೆಕ್ಕ ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಬಂಪರಿನ ಮಾತು ಎತ್ತಲಿಲ್ಲ. ಸ್ವಲ್ಪ ಹೊತ್ತು ಅಷ್ಟೇ.

ಮೊನ್ನೆ ರೈಲ್ವೆ ಗೇಟಿನ ಹತ್ತಿರ ಆಟೋದವನೊಬ್ಬ ಹಿಂದಿನ ಬಾಗಿಲಿಗೆ ಮೊಳದುದ್ದ ಗೀರು ಎಳೆದು ಹೋದ. ಈ ಸಲ ಕ್ಲೇಮಿಗೆ ಹೋಗಲಿಲ್ಲ. ಹರಿಹರದ ಒಬ್ಬ ಟಿಂಕರ್ ಹತ್ತಿರ ಹದಿನೆಂಟು ನೂರಕ್ಕೆ ಮುಗಿಸಿದೆ. ಷಡ್ಡಕರು ಬೆರಳಿನಿಂದ ಸವರಿ, “ಅರ್ಧ ಮಿಲಿಮೀಟರ್ ಉಬ್ಬು ಐತಿ” ಅಂದರು. ನನಗೆ ಕಾಣುವುದಿಲ್ಲ. ಅವರು ಮಾತ್ರ ತಮ್ಮ ಪಾಲಿಸಿ ನವೆಂಬರ್ 30ರ ಮಧ್ಯರಾತ್ರಿ ಮುಗಿಯುತ್ತದೆ, ಡಿಸೆಂಬರ್‌ನಲ್ಲಿ ಕಟ್ಟಿದರಾಯಿತು, ಬೋನಸ್ ಉಳಿಯಲು ತೊಂಬತ್ತು ದಿನ ಟೈಮ್ ಐತಲ್ಲ ಅಂತ ಆರಾಮಾಗಿದ್ದಾರೆ. ಆ ತೊಂಬತ್ತು ದಿನ ಬೋನಸ್ಸಿಗೆ ಮಾತ್ರ. ಹರಿ, ಹರ ಇಬ್ಬರೂ ಅದೇ ಮಧ್ಯರಾತ್ರಿ ಎದ್ದು ಹೋಗಿರುತ್ತಾರೆ.

ನಿಮ್ಮದು ಯಾವತ್ತು ಮುಗಿಯುತ್ತದೆ? ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಊದುಬತ್ತಿ ಪೊಟ್ಟಣದ ಕೆಳಗೆ ಇರುತ್ತದೆ, ಒಮ್ಮೆ ತೆಗೆದು ನೋಡಿ.